ನಾಟಕಕ್ಕೆ ಮಿಲನ್ ಕ್ಷಿಪಣಿ ಕಟ್ಟುವುದು ಹೇಗೆ: ಪೈಪು, ಪ್ಲೈವುಡ್ಡು ಮತ್ತು 12 ಸೆಕೆಂಡು

ಆಗಸ್ಟ್ 15, ಜನವರಿ 26, ಸ್ಕೂಲ್ ಡೇ ಹತ್ತಿರ ಬಂತು ಅಂದರೆ ನಮ್ಮ ಅಂಗಡಿಗೆ ಸೈನಿಕರ ನಾಟಕದವರು ಬರಲು ಶುರು ಮಾಡುತ್ತಾರೆ. ಕ್ಯಾತ್ಸಂದ್ರದಲ್ಲಿ ನಾಟಕದ ಸಾಮಾನು ಬಾಡಿಗೆ ಕೊಡುವ ಅಂಗಡಿ ನಮ್ಮದು. ಅಪ್ಪನ ಕಾಲದಿಂದ ಇದೇ ಕೆಲಸ. ಗದೆ, ಕಿರೀಟ, ಭುಜಕೀರ್ತಿ, ಬಿಲ್ಲು, ಬತ್ತಳಿಕೆ ಎಲ್ಲ ಇದೆ. ತುಮಕೂರು ಸೀಮೆಯಲ್ಲಿ ಕುರುಕ್ಷೇತ್ರ ಆಡದ ಊರು ಕಡಿಮೆ, ಹಾಗಾಗಿ ವರ್ಷಪೂರ್ತಿ ಕೆಲಸ ಇರುತ್ತದೆ. ಸೈನಿಕರ ನಾಟಕಕ್ಕೆ ಬರುವವರು ಮಾತ್ರ ಬೇರೆಯದನ್ನೇ ಕೇಳುತ್ತಾರೆ. "ಅಣ್ಣಾ, ಟ್ಯಾಂಕ್ ಹೊಡೆಯೋ ರಾಕೆಟ್ ಒಂದು ಬೇಕು" ಅಂತ ಮೊಬೈಲಲ್ಲಿ ಚಿತ್ರ ತೋರಿಸುತ್ತಾರೆ.

ಚಿತ್ರದಲ್ಲಿ ಇರುವುದು ಹೆಚ್ಚಾಗಿ ಆರ್‌ಪಿಜಿ–7. ಹೆಗಲ ಮೇಲೆ ಕೊಳವೆ, ಮುಂದೆ ಚೂಪು ತಲೆ. ಅದನ್ನು ಕಟ್ಟುವುದು ಸುಲಭ. ಆದರೆ ಅದು ಗುರಿ ಹಿಡಿದು ಬಿಟ್ಟರೆ ಆಯಿತು, ಆಮೇಲೆ ಅದರ ದಾರಿ ಅದಕ್ಕೆ. ನಾಟಕಕ್ಕೆ ಬೇಕಾದ ಕಸುವು ಅದರಲ್ಲಿ ಇಲ್ಲ. ನಾನು ಎಲ್ಲರಿಗೂ ಹೇಳುವುದು ಒಂದೇ: ತಂತಿ ಕ್ಷಿಪಣಿ ಕಟ್ಟಿ. ಅದರಲ್ಲೂ ನಮ್ಮ ಸೈನ್ಯದವರು ಬಳಸುವ ಮಿಲನ್ ಕಟ್ಟಿ. ಯಾಕೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ಪೈಪು ಕೊಯ್ಯೋಣ.

ಮಿಲನ್ ಹಾರುವಾಗ ಅದರ ಹಿಂದೆ ಕೂದಲೆಳೆಯಂಥ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹೊಡೆಯುವವನು ಸೈಟ್ ಒಳಗೆ, ಅಂದರೆ ಗುರಿ ನೋಡುವ ದುರ್ಬೀನಿನೊಳಗೆ ಕಣ್ಣಿಟ್ಟು, ಅಡ್ಡಗೆರೆಯನ್ನು ಟ್ಯಾಂಕಿನ ಮೇಲೆ ಬಿಡದೆ ಹಿಡಿದಿರಬೇಕು. ಕ್ಷಿಪಣಿಯ ಬಾಲದಲ್ಲಿ ಒಂದು ಉರಿ ಇರುತ್ತದೆ. ಸೈಟಿನ ಪೆಟ್ಟಿಗೆ ಆ ಉರಿಯನ್ನು ನೋಡುತ್ತಾ, ಅದು ಗೆರೆಯಿಂದ ಎಷ್ಟು ಆಚೀಚೆ ಹೋಗಿದೆ ಅಂತ ಲೆಕ್ಕ ಹಾಕಿ, ತಂತಿಯ ಮೂಲಕ ಅಪ್ಪಣೆ ಕಳಿಸುತ್ತದೆ: ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಸುಮಾರು 2 ಕಿಲೋಮೀಟರ್ ದೂರ ಮುಟ್ಟಲು ಅದಕ್ಕೆ 12 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಆ 12 ಸೆಕೆಂಡು ಅವನು ಅಲ್ಲಾಡುವ ಹಾಗಿಲ್ಲ. ಪಕ್ಕದಲ್ಲಿ ಶೆಲ್ ಬಿದ್ದರೂ ಅಷ್ಟೇ, ಗೆಳೆಯ ಕೂಗಿದರೂ ಅಷ್ಟೇ. ಅವನು ಕಣ್ಣು ತೆಗೆದರೆ ಕ್ಷಿಪಣಿ ದಾರಿ ತಪ್ಪುತ್ತದೆ. ರಂಗದ ಮೇಲೆ ಇದಕ್ಕಿಂತ ದೊಡ್ಡ ಸನ್ನಿವೇಶ ಯಾವುದಿದೆ ಹೇಳಿ? ನೀವು ಕಟ್ಟುವ ಪೈಪು, ಪೆಟ್ಟಿಗೆ ಎಲ್ಲ ಈ 12 ಸೆಕೆಂಡಿಗಾಗಿ. ಅದನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ನಾಟಕದ ಕಾಲ ನೋಡಿ

ಕಥೆ 1971ರದ್ದಾದರೆ ಮಿಲನ್ ತರಬೇಡಿ. ಲೋಂಗೆವಾಲಾ ಕಾಳಗ ಆಡುವವರು ಬಹಳ ಜನ ಇದ್ದಾರೆ, 'ಬಾರ್ಡರ್' ಸಿನಿಮಾ 1997ರಲ್ಲಿ ಬಂದ ಮೇಲೆ ಅದು ಮಕ್ಕಳ ಮೆಚ್ಚಿನ ಕಥೆ. ಅಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕಂಪನಿಯ ಹತ್ತಿರ ಇದ್ದದ್ದು ಜೀಪಿನ ಮೇಲೆ ಕೂರಿಸಿದ 106 ಎಂಎಂ ರಿಕಾಯಿಲ್‌ಲೆಸ್ ಗನ್. ಅದು ತೋಪು, ಕ್ಷಿಪಣಿ ಅಲ್ಲ. ತಂತಿಯೂ ಇಲ್ಲ. ಅದಕ್ಕೆ ಜೀಪು ಕಟ್ಟಬೇಕು, ಅದು ಬೇರೆಯೇ ಕೆಲಸ.

ಮಿಲನ್ ಫ್ರಾನ್ಸ್ ಮತ್ತು ಜರ್ಮನಿ ಸೇರಿ ಮಾಡಿದ್ದು. 70ರ ದಶಕದಲ್ಲಿ ಅವರ ಸೈನ್ಯಕ್ಕೆ ಬಂತು. ನಮ್ಮಲ್ಲಿ 80ರ ದಶಕದಿಂದ ಹೈದರಾಬಾದಿನ ಭಾರತ್ ಡೈನಾಮಿಕ್ಸ್‌ನವರು ತಯಾರಿಸುತ್ತಿದ್ದಾರೆ. ಹಳೇ ಕಾಲದ್ದು ಅಂತ ಅಂದುಕೊಳ್ಳಬೇಡಿ. 2021ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ 4,960 ಮಿಲನ್–2ಟಿ ಕ್ಷಿಪಣಿಗಳಿಗೆ 1,188 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಕಥೆ ಈಗಿನ ಕಾಲದ್ದಾದರೂ ಧೈರ್ಯವಾಗಿ ಇಡಬಹುದು. ಮರುಭೂಮಿಯ ಗಡಿ, ಒಂದು ಸಣ್ಣ ಚೌಕಿ, ಇಬ್ಬರು ಜವಾನರು. ಸಾಕು.

ಮಕ್ಕಳು ಇನ್ನೊಂದು ಹೆಸರು ತರುತ್ತಾರೆ, ಜಾವೆಲಿನ್. ಉಕ್ರೇನ್ ಯುದ್ಧ ಶುರುವಾದ ಮೇಲೆ ಅದರ ಹೆಸರು ಎಲ್ಲರ ಬಾಯಲ್ಲೂ ಇದೆ. 2007ರ ಕಾಲ್ ಆಫ್ ಡ್ಯೂಟಿ 4 ಆಟದಲ್ಲೂ ಅದು ಇದೆ: ಟ್ಯಾಂಕನ್ನು ಗುರುತು ಹಿಡಿಸಿ ಬಿಟ್ಟರೆ ಆಕಾಶಕ್ಕೆ ಏರಿ, ಮೇಲಿಂದ ಎರಗುತ್ತದೆ. ಹೊಡೆದವನು ತಕ್ಷಣ ಎದ್ದು ಓಡಬಹುದು. ನಮ್ಮ ನಾಗ್ ಕ್ಷಿಪಣಿಯೂ ಹಾಗೆಯೇ, ತನ್ನ ಕಣ್ಣಿಂದ ತಾನೇ ಗುರಿ ನೋಡಿಕೊಂಡು ಹೋಗುತ್ತದೆ. ಯುದ್ಧದಲ್ಲಿ ಅದು ಒಳ್ಳೆಯದೇ, ಜವಾನನ ಜೀವ ಉಳಿಯುತ್ತದೆ. ನಾಟಕಕ್ಕೆ ಮಾತ್ರ ತಂತಿಯದ್ದೇ ಬೇಕು.

ನೋಡಿ ಕಲಿಯುವುದು

ಕಟ್ಟುವ ಮುಂಚೆ ಪಾತ್ರಧಾರಿಗಳನ್ನು ಕೂರಿಸಿ ಒಂದಿಷ್ಟು ವಿಡಿಯೋ ತೋರಿಸಿ. ಸಿನಿಮಾದಲ್ಲಿ, ಗೇಮಿನಲ್ಲಿ ಬರುವುದು ತಂತಿಯದ್ದೋ ಅಲ್ಲವೋ ಅಂತ ಅವರೇ ಗುರುತಿಸಲಿ. ನಾನು ಹೇಳಿಕೊಡುವ ಉಪಾಯ ಹೀಗೆ: ಕ್ಷಿಪಣಿಯನ್ನು ನೋಡಬೇಡಿ, ಹೊಡೆದವನ ಮುಖ ನೋಡಿ. ಟ್ರಿಗರ್ ಒತ್ತಿದ ಕೂಡಲೇ ಅವನು ತಲೆ ಎತ್ತಿ ಪಕ್ಕದವನ ಜೊತೆ ಮಾತಾಡಿದರೆ ಅದು ತಂತಿಯದ್ದಲ್ಲ, ಇಲ್ಲವಾದರೆ ಆ ಸಿನಿಮಾದವರು ಸುಮ್ನೆ ತೋರಿಸಿದ್ದಾರೆ. ಕಣ್ಣು ಸೈಟಿಗೆ ಅಂಟಿಕೊಂಡೇ ಇದ್ದರೆ, ಕ್ಷಿಪಣಿ ನೆಲಕ್ಕೆ ಹತ್ತಿರವಾಗಿ, ಸ್ವಲ್ಪ ಹೊಯ್ದಾಡುತ್ತಾ ಹೋದರೆ, ಅದು ತಂತಿಯದ್ದಾಗಿರಬಹುದು. ಆಕಾಶಕ್ಕೆ ಏರಿ ಕೆಳಗೆ ಬಿದ್ದರೆ ಖಂಡಿತ ಅಲ್ಲ.

ಈ ವಿಷಯದಲ್ಲಿ ಸಿನಿಮಾಗಳಿಗಿಂತ ಗೇಮುಗಳೇ ಹತ್ತಿರ ಅನ್ನುವುದು ನನ್ನ ಅಭಿಪ್ರಾಯ. 2005ರ ಬ್ಯಾಟಲ್‌ಫೀಲ್ಡ್ 2ರಲ್ಲಿ ಮೂರು ಕಾಲಿನ ಮೇಲೆ ಕೂರಿಸಿದ ಟೋ ಅನ್ನುವ ಅಮೆರಿಕದ ತಂತಿ ಕ್ಷಿಪಣಿ ಇದೆ. ಬಿಟ್ಟ ಮೇಲೂ ಆಡುವವನು ಮೌಸ್ ಹಿಡಿದು ಗುರಿ ತೋರಿಸುತ್ತಲೇ ಇರಬೇಕು, ಮೌಸ್ ತಿರುಗಿದ ಕಡೆ ಕ್ಷಿಪಣಿ ತಿರುಗುತ್ತದೆ. 2010ರ ಆರ್ಮಾ 2: ಆಪರೇಷನ್ ಆರೋಹೆಡ್ ಆಟದಲ್ಲಿ ಅಮೆರಿಕದ ಎಂ47 ಡ್ರ್ಯಾಗನ್ ಇದೆ. ನನ್ನ ಅಕ್ಕನ ಮಗ ಅದನ್ನು ಆಡುತ್ತಾನೆ. ಒಬ್ಬ ಪಾತ್ರಧಾರಿಗೆ ಅಲ್ಲಾಡದೆ ಇರುವುದು ಅಂದರೇನು ಅಂತ ಅರ್ಥವಾಗಲೇ ಇಲ್ಲ, ಅವನನ್ನು ಕರೆದುಕೊಂಡು ಹೋಗಿ ಆ ಆಟ ಆಡಿಸಿದೆವು. ಕೈ ಸ್ವಲ್ಪ ಜಾರಿದರೆ ಕ್ಷಿಪಣಿ ನೆಲಕ್ಕೆ. ಆಮೇಲೆ ಅವನಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ.

ಡ್ರ್ಯಾಗನ್ ಬಗ್ಗೆ ಎರಡು ಮಾತು ಹೇಳಲೇಬೇಕು. 70ರ ದಶಕದಿಂದ ಅಮೆರಿಕದ ಕಾಲಾಳುಗಳು ಹೊತ್ತು ತಿರುಗಿದ್ದು ಅದನ್ನೇ. ಜವಾನ ನೆಲದ ಮೇಲೆ ಕೂತು, ಮುಂದೆ ಎರಡು ಕಾಲಿನ ಆಸರೆ ಕೊಟ್ಟು, ಕೊಳವೆಯನ್ನು ಹೆಗಲ ಮೇಲೆ ಇಟ್ಟುಕೊಳ್ಳುತ್ತಾನೆ. ಒಳಗಿನ ಭಾರ ಒಮ್ಮೆಲೇ ಹೊರಗೆ ಹಾರಿದಾಗ ಹೆಗಲು ಹಗುರಾಗಿ ಮೇಲೆ ಏಳುತ್ತದೆ, ಗುರಿ ಕದಲುತ್ತದೆ. ಕ್ಷಿಪಣಿಯ ಮೈಮೇಲೆ 60 ಪುಟ್ಟ ರಾಕೆಟ್‌ಗಳು, ಅವು ಜೋಡಿಜೋಡಿಯಾಗಿ ಸಿಡಿದು ಅದನ್ನು ದಾರಿಯಲ್ಲಿ ಇಡುತ್ತವೆ. ಹಾಗಾಗಿ ಪಟ್ ಪಟ್ ಅಂತ ಸದ್ದು ಮಾಡುತ್ತಾ ಹೋಗುತ್ತದೆ. ಗುರಿ ಮುಟ್ಟುವ ದೂರ 1,000 ಮೀಟರ್, ಅಷ್ಟಕ್ಕೇ 11 ಸೆಕೆಂಡಿನ ಮೇಲೆ ಬೇಕು. ಬಳಸಿದವರಿಗೆ ಅದು ಅಷ್ಟೇನೂ ಇಷ್ಟವಾಗಿರಲಿಲ್ಲ, ಆಮೇಲೆ ಅದರ ಜಾಗಕ್ಕೆ ಜಾವೆಲಿನ್ ಬಂತು. ಆದರೆ ಹೆಗಲು ಏಳುವ ಆ ಒಂದು ಕ್ಷಣವನ್ನು ನಟನಿಗೆ ಹೇಳಿಕೊಡಲು ಡ್ರ್ಯಾಗನ್ ಒಳ್ಳೆಯ ಪಾಠ.

ಸಾಮಾನು

ಕ್ಷಿಪಣಿ ಇರುವ ಕೊಳವೆಗೆ, ಅಂದರೆ ಟ್ಯೂಬಿಗೆ, 4 ಇಂಚಿನ ಪಿವಿಸಿ ಸ್ಯಾನಿಟರಿ ಪೈಪು. ಅದರ ಹೊರ ಅಳತೆ 110 ಎಂಎಂ. ಮಿಲನ್ ಕ್ಷಿಪಣಿ ಸುಮಾರು 115 ಎಂಎಂ ದಪ್ಪ, 1.2 ಮೀಟರ್ ಉದ್ದ. ಟ್ಯೂಬ್ ಅದಕ್ಕಿಂತ ಸ್ವಲ್ಪ ದಪ್ಪ. ಹಾಗಾಗಿ ಪೈಪು ಕೊಂಚ ಸಣ್ಣದಾಗುತ್ತದೆ, ಆದರೆ ಎರಡೂ ತುದಿಗೆ ರಿಂಗ್ ಕಟ್ಟಿದರೆ ದೂರಕ್ಕೆ ಸರಿಯಾಗಿಯೇ ಕಾಣುತ್ತದೆ. 6 ಇಂಚಿನ ಪೈಪು ತಂದುಬಿಟ್ಟರೆ ತೋಪಿನ ಹಾಗೆ ಕಾಣುತ್ತದೆ, ಹುಡುಗರ ಕೈಗೂ ಭಾರ. ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ 10 ಅಡಿ ಪೈಪು ಸಿಗುತ್ತದೆ. 4 ಅಡಿಯ ಎರಡು ಟ್ಯೂಬು ಬರುತ್ತದೆ, ಉಳಿದ 2 ಅಡಿ ಸೈಟಿನ ಮೂತಿಗೆ. ಎರಡು ಟ್ಯೂಬು ಬೇಕೇ ಬೇಕು. ಒಂದು ಹೊಡೆಯಲು, ಇನ್ನೊಂದು ಲೋಡರ್ ಬೆನ್ನಿಗೆ, ಅಂದರೆ ಕ್ಷಿಪಣಿ ಹೊತ್ತು ತಂದು ಕೂರಿಸುವ ಜೊತೆಗಾರನಿಗೆ.

ಇನ್ನು 6 ಎಂಎಂ ಪ್ಲೈವುಡ್ಡಿನ ತುಂಡುಗಳು, ಕಾಲಿಗೆ 1 ಇಂಚಿನ ಕಂಡ್ಯೂಟ್ ಪೈಪು, ರೆಟ್ಟು ಅಥವಾ ಸನ್‌ಬೋರ್ಡ್, ಎಂ–ಸೀಲ್, ಫೆವಿಕಾಲ್, ಟೇಬಲ್ ಡ್ರಾಯರಿಗೆ ಹಾಕುವ ಚಾನೆಲ್ ಒಂದು ಜೊತೆ, ಬೋಲ್ಟು ನಟ್ಟು, ಉಪ್ಪುಕಾಗದ, ಪ್ರೈಮರ್, ಹಸಿರು ಬಣ್ಣ. ಸ್ವಲ್ಪ ತಾಮ್ರದ ತಂತಿ ಬೇಕು. ಅದನ್ನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ. ನಮ್ಮ ಕಡೆ ಬೋರ್‌ವೆಲ್ ಮೋಟಾರ್ ಸುಡುವುದಕ್ಕೂ ಕೊರತೆ ಇಲ್ಲ, ವೈಂಡಿಂಗ್ ಅಂಗಡಿಗೂ ಕೊರತೆ ಇಲ್ಲ. ಹಳೇ ಮೋಟಾರಿಂದ ಬಿಚ್ಚಿದ ತಂತಿ ಗಂಟುಗಂಟಾಗಿರುತ್ತದೆ, ಅದು ಬೇಡ. ಹೊಸ ಉರುಳೆಯಿಂದ ಇರುವುದರಲ್ಲೇ ಸಣ್ಣ ಗೇಜಿನದ್ದನ್ನು ಒಂದಷ್ಟು ಮಾರು ಬಿಚ್ಚಿಸಿಕೊಳ್ಳಿ.

ಕಟ್ಟುವುದು

ಪೈಪನ್ನು ಕೊಯ್ಯುವಾಗ ಹ್ಯಾಕ್ಸಾ ಬ್ಲೇಡು ಓರೆ ಹೋಗುತ್ತದೆ. ಒಂದು ಹಾಳೆಯನ್ನು ಪೈಪಿನ ಸುತ್ತ ಸುತ್ತಿ, ಅಂಚಿಗೆ ಅಂಚು ಕೂರಿಸಿ, ಅದರ ಗುಂಟ ಪೆನ್ಸಿಲ್ ಎಳೆಯಿರಿ. ಆ ಗೆರೆಯ ಮೇಲೆ ಪೈಪನ್ನು ತಿರುಗಿಸುತ್ತಾ ಸ್ವಲ್ಪಸ್ವಲ್ಪವೇ ಕೊಯ್ಯಿರಿ. ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ಲೋಡರ್ ಹುಡುಗನ ಬೆನ್ನು ಕೆರೆಯುತ್ತದೆ.

ಪೈಪಿಗೆ ನೇರವಾಗಿ ಬಣ್ಣ ಹಚ್ಚಿದರೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಮೈಯೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಪ್ರೈಮರ್, ಆಮೇಲೆ ಹಸಿರು. ಅಂಗಡಿಯ ಹಸಿರು ಗಿಣಿಯ ಬಣ್ಣ ಇರುತ್ತದೆ. ಅದಕ್ಕೆ ಕಪ್ಪು ಮತ್ತು ಸ್ವಲ್ಪ ಕಾವಿ ಬೆರೆಸಿ, ಬಿಸಿಲಿಗೆ ಬೆಂದ ಹೊಂಗೆ ಎಲೆಯ ಬಣ್ಣ ಬರಬೇಕು. ಹೊಳೆಯುವ ಪೇಂಟು ಬೇಡ, ಮ್ಯಾಟ್ ತೆಗೆದುಕೊಳ್ಳಿ. ರಂಗದ ಲೈಟು ಬಿದ್ದಾಗ ಹೊಳೆಯುವ ಪೈಪು ಪೈಪಿನ ಹಾಗೆಯೇ ಕಾಣುತ್ತದೆ. ಎರಡೂ ತುದಿಗೆ ರೆಟ್ಟಿನ ಪಟ್ಟಿ ಮೂರು ನಾಲ್ಕು ಸುತ್ತು ಸುತ್ತಿ ಫೆವಿಕಾಲ್ ಹಾಕಿದರೆ ರಿಂಗ್ ಆಯಿತು. ಮುಂದಿನ ಮುಚ್ಚಳ ಸನ್‌ಬೋರ್ಡಿನದ್ದು ಇರಲಿ.

ಈಗ ಪೋಸ್ಟು, ಅಂದರೆ ಟ್ಯೂಬು ಕೂರಿಸಿ ಹೊಡೆಯುವ ಆಸರೆ. ಮಿಲನ್ ಪೋಸ್ಟಿನಲ್ಲಿ ಕೆಳಗೆ ಗಿಡ್ಡ ಮೂರು ಕಾಲು, ಅದರ ಮೇಲೆ ಸೈಟಿನ ಪೆಟ್ಟಿಗೆ, ಮೇಲೆ ಟ್ಯೂಬು. ಕಂಡ್ಯೂಟ್ ಪೈಪಿನ ಕಾಲುಗಳನ್ನು ಪ್ಲೈವುಡ್ಡಿನ ದುಂಡು ತಟ್ಟೆಗೆ ಬೋಲ್ಟ್ ಹಾಕಿ ಸೇರಿಸಿ, ಮಡಚಲು ಬರಬೇಕು. ಪೆಟ್ಟಿಗೆ ಒಂದು ಅಡಿ ಉದ್ದ, ಅರ್ಧ ಅಡಿ ಅಗಲ ಇದ್ದರೆ ಸಾಕು. ಮುಂದೆ ಗಾಜಿನ ಕಿಟಕಿಯ ಜಾಗಕ್ಕೆ ಹಳೇ ಕಪ್ಪು ಎಕ್ಸ್‌ರೇ ಫಿಲ್ಮು ಅಂಟಿಸಿ, ಲೈಟಿಗೆ ಚೆನ್ನಾಗಿ ಮಿನುಗುತ್ತದೆ. ಹಿಂದೆ ಕಣ್ಣಿಡುವ ಕಡೆ ರಬ್ಬರಿನ ಬಟ್ಟಲು ಬೇಕು. ಬಾತ್‌ರೂಮು ಸಿಂಕು ಒತ್ತುವ ಹೊಸ ರಬ್ಬರ್ ಬಟ್ಟಲಿನ ತಳ ಕೊಯ್ದರೆ ಸರಿಯಾಗಿ ಕೂರುತ್ತದೆ. ಇದು ಬಹಳ ಮುಖ್ಯ. ನಟ ಹುಬ್ಬನ್ನು ಅದಕ್ಕೆ ಒತ್ತಿಕೊಂಡು ಇರಬೇಕು. ಒತ್ತಲು ಮೆತ್ತನೆಯ ಜಾಗ ಇಲ್ಲದಿದ್ದರೆ ಅವನು ತಾನಾಗಿಯೇ ತಲೆ ಎತ್ತುತ್ತಾನೆ, ಅಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ವ್ಯರ್ಥ.

ಚಾನೆಲ್ ಎಲ್ಲಿಗೆ ಅಂತ ಕೇಳುತ್ತೀರಿ. ನಿಜವಾದ ಮಿಲನ್ ಹೊಡೆದಾಗ ಕ್ಷಿಪಣಿ ಮುಂದೆ ಹೋಗುತ್ತದೆ, ಖಾಲಿ ಟ್ಯೂಬು ಪೋಸ್ಟಿನಿಂದ ಕಿತ್ತುಕೊಂಡು ಹಿಂದಕ್ಕೆ ಬೀಳುತ್ತದೆ. ನೋಡುವವರಿಗೆ ಇದು ಗೊತ್ತೇ ಇರುವುದಿಲ್ಲ, ರಂಗದ ಮೇಲೆ ನೋಡಿದಾಗ ಬೆಚ್ಚಿ ಬೀಳುತ್ತಾರೆ. ಪೆಟ್ಟಿಗೆಯ ಮೇಲೆ ಡ್ರಾಯರ್ ಚಾನೆಲ್ ಜೋಡಿಯ ಹೊರಭಾಗವನ್ನು ಸ್ಕ್ರೂ ಮಾಡಿ, ಒಳಭಾಗಕ್ಕೆ ಟ್ಯೂಬು ಕಟ್ಟಿ. ಕೊನೆಯಲ್ಲಿ ತಡೆಯುವ ಲಾಕ್ ಇರುತ್ತದೆ, ಅದನ್ನು ಕಿತ್ತುಹಾಕಿ. ಟ್ಯೂಬಿನ ಹಿಂದಿನ ರಿಂಗಿಗೆ ಹಸಿರು ನೈಲಾನ್ ಹಗ್ಗ ಕಟ್ಟಿ ಲೋಡರ್ ಕೈಗೆ ಕೊಡಿ. ಅವನು ಪಕ್ಕದಲ್ಲೇ ಮಲಗಿರುತ್ತಾನೆ, ಸದ್ದಾದ ಕ್ಷಣ ಒಂದೇ ಎಳೆತ. ಸ್ಪ್ರಿಂಗು, ಸೈಕಲ್ ಟ್ಯೂಬಿನ ರಬ್ಬರು ಹಾಕುವ ಆಸೆ ಹುಡುಗರಿಗೆ ಬರುತ್ತದೆ. ಬೇಡ ಅಂದರೆ ಬೇಡ. ಅದು ಯಾರ ಹಲ್ಲಿಗೆ ಹೋಗಿ ತಾಗುತ್ತದೋ ಹೇಳಲಾಗದು. ಬೀಳುವ ಜಾಗದಲ್ಲಿ ಹಳೇ ಕಂಬಳಿ ಹಾಸಿ.

ಭಾರದ ಮಾತು. ನಿಜವಾದ ಪೋಸ್ಟು 16 ಕೆಜಿಗಿಂತ ಹೆಚ್ಚು, ಟ್ಯೂಬಿನ ಸಮೇತ ಕ್ಷಿಪಣಿ 12 ಕೆಜಿ ಆಸುಪಾಸು. ನಮ್ಮ ಪೈಪು ಎರಡು ಕೆಜಿಯೂ ಇಲ್ಲ. ಹುಡುಗರು ಅದನ್ನು ಕೊಡೆಯ ಹಾಗೆ ಹಿಡಿದು ಬಂದುಬಿಡುತ್ತಾರೆ. ರಿಹರ್ಸಲ್‌ನಲ್ಲಿ ಪೈಪಿನೊಳಗೆ ಮರಳು ತುಂಬಿದ ನೀರಿನ ಬಾಟಲಿಗಳನ್ನು ಇಟ್ಟು ಹೊರಿಸಿ. ಸೊಂಟ ಹೇಗೆ ಬಾಗುತ್ತದೆ, ಕೆಳಗೆ ಇಡುವಾಗ ಮಂಡಿ ಹೇಗೆ ಮೊದಲು ಊರುತ್ತದೆ ಅಂತ ಮೈಗೆ ಹತ್ತುತ್ತದೆ. ಪ್ರದರ್ಶನದ ದಿನ ಬಾಟಲಿ ತೆಗೆಯಿರಿ. ಮೈ ಮರೆಯುವುದಿಲ್ಲ.

ಮರಳು ಮೂಟೆಗೆ ಮರಳು ಬೇಡ. ನಮ್ಮ ಜಿಲ್ಲೆಯಲ್ಲಿ ತೆಂಗಿನ ನಾರಿನ ಪುಡಿ ಬೇಕಾದಷ್ಟು ಸಿಗುತ್ತದೆ, ತಿಪಟೂರು, ಗುಬ್ಬಿ ಕಡೆ ನಾರಿನ ಫ್ಯಾಕ್ಟರಿಗಳ ಮುಂದೆ ರಾಶಿ ಬಿದ್ದಿರುತ್ತದೆ. ಗೋಣಿಚೀಲಕ್ಕೆ ಮುಕ್ಕಾಲು ತುಂಬಿ ಬಾಯಿ ಹೊಲಿಯಿರಿ. ಪೂರ್ತಿ ತುಂಬಿದರೆ ದಿಂಬಿನ ಹಾಗೆ ಉಬ್ಬುತ್ತದೆ. ಮುಕ್ಕಾಲು ತುಂಬಿ, ಒಂದರ ಮೇಲೊಂದು ಇಟ್ಟು ಕಾಲಲ್ಲಿ ತುಳಿದರೆ ಮರಳಿನ ಮೂಟೆಯೇ. ಸಣ್ಣ ಹುಡುಗಿಯೂ ಒಂದನ್ನು ಎತ್ತಿ ಇಡಬಹುದು. ಆದರೆ ನಾರಿನ ಪುಡಿಗೆ ಕಿಡಿ ತಾಗಿದರೆ ಒಳಗೊಳಗೇ ಹೊಗೆಯಾಡುತ್ತದೆ. ಅದಕ್ಕೇ ಈ ನಾಟಕದಲ್ಲಿ ಪಟಾಕಿ, ಗಂಧಕ, ಊದಿನಕಡ್ಡಿ ಏನೂ ಬೇಡ. ಬೂದಿ, ಮೈದಾ ಎರಚುವುದೂ ಬೇಡ, ಹಿಟ್ಟಿನ ಧೂಳು ಕೂಡ ಬಿಸಿ ಲೈಟಿನ ಹತ್ತಿರ ಹತ್ತಿಕೊಳ್ಳುತ್ತದೆ. ಒಂದು ಬಕೆಟ್ ನೀರು ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ ಇಟ್ಟಿರಿ.

ತಂತಿ

ಮಕ್ಕಳೆಲ್ಲ ತಂತಿ ಅಂದ ಕೂಡಲೇ ಗಾಳಿಪಟದ ದಾರ ನೆನೆಸಿಕೊಂಡು, ಹೊಡೆಯುವವನ ಪಕ್ಕದಲ್ಲಿ ಒಂದು ಉರುಳೆ ಇಡುತ್ತಾರೆ. ಉರುಳೆ ಇರುವುದು ಕ್ಷಿಪಣಿಯ ಒಳಗೆ, ಬಾಲದಲ್ಲಿ. ಅದು ಹಾರುತ್ತಾ ತಾನೇ ಬಿಚ್ಚಿಕೊಂಡು ಹೋಗುತ್ತದೆ, ಹಿಂದೆ ಬಿಟ್ಟ ತಂತಿ ನೆಲದ ಮೇಲೆ ಮಲಗುತ್ತದೆ. ಪೋಸ್ಟಿನ ಹತ್ತಿರ ಎಳೆಯುವುದಕ್ಕೆ, ಸುತ್ತುವುದಕ್ಕೆ ಏನೂ ಇರುವುದಿಲ್ಲ. ಆದ್ದರಿಂದ ತಾಮ್ರದ ತಂತಿಯ ಒಂದು ತುದಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಇನ್ನೊಂದನ್ನು ಎದುರಿನ ವಿಂಗಿನಲ್ಲಿ ಒಬ್ಬನ ಕೈಗೆ ಕೊಡಿ. ಮೊದಲು ಅದು ನೆಲದ ಮೇಲೆ ಕಾಣದ ಹಾಗೆ ಬಿದ್ದಿರಲಿ. ಹೊಡೆದ ಮೇಲೆ ಅವನು ನಿಧಾನ ಮೇಲೆತ್ತಿ ಬಿಗಿ ಮಾಡಲಿ. ಪಕ್ಕದಿಂದ ಒಂದು ಲೈಟು ಬಿಟ್ಟರೆ ಕೆಂಪಗೆ ಒಂದು ಎಳೆ ಗಾಳಿಯಲ್ಲಿ ಹೊಳೆಯುತ್ತದೆ. ಅಷ್ಟೇ ಸಾಕು. ಆ ಹೊತ್ತಲ್ಲಿ ರಂಗದ ಆ ಕಡೆ ಯಾರೂ ಓಡಾಡಬಾರದು, ಕುತ್ತಿಗೆಗೆ ತಾಗಬಾರದು. ಪ್ರೇಕ್ಷಕರ ತಲೆ ಮೇಲಂತೂ ತಂತಿ ಎಳೆಯಲೇಬಾರದು.

ಆ 12 ಸೆಕೆಂಡು

ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಯನ್ನೇ ರಂಗದ ಮೇಲೆ ತಂದಿತ್ತು. ಅದನ್ನು ಕೇಳಿ ಬೆಳೆದವರು ನಾವು. ಹಾಗಾಗಿ ನಮ್ಮವರಿಗೆ ಕ್ಷಿಪಣಿಯನ್ನೂ ಹಾರಿಸಿಯೇ ತೋರಿಸಬೇಕು ಅನ್ನುವ ಹುಮ್ಮಸ್ಸು. ತಂತಿಗೆ ಕಟ್ಟಿದ ಥರ್ಮಾಕೋಲ್ ಕ್ಷಿಪಣಿ ಗುಡುಗುಡು ಅಂತ ಜಾರಿ ಹೋದರೆ ಜನ ನಗುತ್ತಾರೆ. ಕ್ಷಿಪಣಿಯನ್ನು ತೋರಿಸಬೇಡಿ. ಅದರ ಬಾಲದ ಉರಿ ತೋರಿಸಿ.

ಹಿಂದಿನ ಪರದೆ ತೆಳು ಬಿಳಿ ಬಟ್ಟೆ ಇರಲಿ. ಪರದೆಯ ಹಿಂದೆ ಒಬ್ಬ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡು ದೂರದಲ್ಲಿ ನಿಲ್ಲಲಿ. ಹೊಡೆದ ಕ್ಷಣ ಟಾರ್ಚ್ ಹಚ್ಚಿ, ಒಂದೊಂದೇ ಹೆಜ್ಜೆ ಪರದೆಯ ಹತ್ತಿರ ಬರಲಿ. ಮುಂದೆ ಕೂತವರಿಗೆ ದೊಡ್ಡ ಕೆಂಪು ಬೆಳಕು ಸಣ್ಣದಾಗುತ್ತಾ, ದೂರ ಹೋದ ಹಾಗೆ ಕಾಣುತ್ತದೆ. ನೇರ ಬರಬಾರದು, ಮೊದಲಿಗೆ ಕೈ ಸ್ವಲ್ಪ ಹೊಯ್ದಾಡಬೇಕು, ಆಮೇಲೆ ನಿಲ್ಲಬೇಕು. ಹೊಡೆಯುವವನ ಪಕ್ಕ ಶೆಲ್ ಬಿದ್ದಾಗ ಅವನ ಭುಜ ಒಮ್ಮೆ ಅದುರುತ್ತದೆ, ಆಗ ಪರದೆಯ ಮೇಲಿನ ಚುಕ್ಕೆಯೂ ಜಾರಬೇಕು. ಭುಜ ನಿಂತ ಮೇಲೆ ಚುಕ್ಕೆ ಮತ್ತೆ ದಾರಿಗೆ ಬರಬೇಕು. ಇದೊಂದು ಸರಿಯಾಗಿ ಕೂತರೆ ತಂತಿ ಏನು ಮಾಡುತ್ತದೆ ಅಂತ ಪ್ರೇಕ್ಷಕರಿಗೆ ಒಂದು ಮಾತೂ ಇಲ್ಲದೆ ಅರ್ಥವಾಗುತ್ತದೆ. ಟಾರ್ಚಿನವನಿಗೆ ನಟನ ಭುಜ ಕಾಣುವಷ್ಟು ಪರದೆಯಲ್ಲಿ ಒಂದು ಕಿಂಡಿ ಬಿಡಿ. ಇವರಿಬ್ಬರ ರಿಹರ್ಸಲ್ ಬೇರೆ ಎಲ್ಲರಿಗಿಂತ ಜಾಸ್ತಿ ಆಗಬೇಕು.

ಶೆಲ್ ಬೀಳುವುದು ಸುಮ್ನೆ ಸೇರಿಸಿದ್ದಲ್ಲ. 1973ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಸೈನಿಕರು ಸೂಯೆಜ್ ಕಾಲುವೆ ದಾಟಿ, ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ರಷ್ಯಾದ ಮಾಲ್ಯುಟ್ಕಾ ತಂತಿ ಕ್ಷಿಪಣಿಗಳನ್ನು ಹೊತ್ತು ಬಂದರು. ಅದರಲ್ಲಿ ಕ್ಷಿಪಣಿಯನ್ನೇ ಕಣ್ಣಲ್ಲಿ ನೋಡುತ್ತಾ, ಸಣ್ಣ ಕೋಲಿನ ಹಿಡಿಕೆಯಲ್ಲಿ ತಿರುಗಿಸಬೇಕಿತ್ತು. ಬಹಳ ಕಷ್ಟದ ಕೆಲಸ, ಅದಕ್ಕೇ ಅವರಿಗೆ ಯಂತ್ರದ ಮೇಲೆ ಕೂರಿಸಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ್ದರು. ಮೊದಲ ದಿನಗಳಲ್ಲಿ ಇಸ್ರೇಲಿನ ಟ್ಯಾಂಕುಗಳಿಗೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಟ್ಯಾಂಕಿನವರು ಉಪಾಯ ಕಂಡುಕೊಂಡರು: ಕ್ಷಿಪಣಿ ಬರುವುದು ಕಂಡ ಕೂಡಲೇ ಅದು ಹೊರಟ ಕಡೆಗೆ ಗುಂಡು ಸುರಿಸುವುದು. ಹಿಡಿಕೆ ಹಿಡಿದವನ ಗಮನ ತಪ್ಪಿದರೆ ಸಾಕು, ಕ್ಷಿಪಣಿ ತಪ್ಪುತ್ತದೆ. ಹೊಡೆಯುವವನ ಮೇಲೆ ಶೆಲ್ ಬೀಳುವುದು ಈ ಆಯುಧದ ಚರಿತ್ರೆಯಲ್ಲೇ ಇದೆ.

ಸದ್ದಿಗೆ ಒಂದು ತಮಟೆ ಸಾಕು. ಹೊಡೆಯುವಾಗ ಒಂದು ಏಟು, ಜೊತೆಗೆ ಫೋಟೋದವರ ಫ್ಲ್ಯಾಶ್ ಒಂದು ಸಲ. ಆಮೇಲೆ ಹಿನ್ನೆಲೆ ಸಂಗೀತ ಪೂರ್ತಿ ನಿಲ್ಲಿಸಿ. ಮೇಷ್ಟ್ರುಗಳಿಗೆ ಇಲ್ಲಿ ದೇಶಭಕ್ತಿ ಹಾಡು ಹಾಕುವ ಆಸೆ ಬರುತ್ತದೆ, ದಯವಿಟ್ಟು ಹಾಡನ್ನು ಮುಂದಿನ ದೃಶ್ಯಕ್ಕೆ ಇಡಿ. ಲೋಡರ್ ಮಾತ್ರ ಸಣ್ಣ ದನಿಯಲ್ಲಿ ಎಣಿಸಲಿ, ಒಂದು, ಎರಡು, ಮೂರು. ಐದರ ಹತ್ತಿರ ಶೆಲ್ಲಿನ ತಮಟೆ. "ಅಣ್ಣಾ, ಬಿಟ್ಟು ಬಾ" ಅಂತ ಅವನು ಹೇಳಬಹುದು. ಹೊಡೆಯುವವನಿಗೆ ಮಾತು ಕೊಡಬೇಡಿ. ಹನ್ನೆರಡಕ್ಕೆ ಟಾರ್ಚು ಪರದೆಗೆ ತಾಗಿ, ಕಿತ್ತಳೆ ಲೈಟು ಹತ್ತಬೇಕು. ನಾಟಕ ಬರೆದವರು ಇದನ್ನು 4 ಸೆಕೆಂಡಿಗೆ ಇಳಿಸಲು ನೋಡುತ್ತಾರೆ, ಜನ ಬೇಜಾರಾಗುತ್ತಾರೆ ಅಂತ. ಆಗುವುದಿಲ್ಲ. ನಮ್ಮ ಮೆಕನೈಸ್ಡ್ ಇನ್ಫೆಂಟ್ರಿಯಿಂದ ನಿವೃತ್ತರಾದ ಸುಬೇದಾರ್ ಸಾಹೇಬರೊಬ್ಬರು ರಿಹರ್ಸಲ್ ನೋಡಲು ಬಂದಿದ್ದರು. ಅವರು ತಿದ್ದಿದ್ದು ಒಂದೇ: ಸ್ಫೋಟ ಆದ ಮೇಲೂ ಹುಡುಗ ಒಂದು ಕ್ಷಣ ಸೈಟಿನಲ್ಲೇ ಇರಲಿ, ತಟಕ್ಕನೆ ಎದ್ದು ಕುಣಿಯುವುದು ಬೇಡ ಅಂದರು. ಹಾಗೇ ಮಾಡಿಸಿ.

ಜಾಗದ ಬಗ್ಗೆ: ಮಿಲನ್ ಹೊಡೆಯುವವನು ಮಲಗಿರುತ್ತಾನೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಎತ್ತರದ ರಂಗದಲ್ಲಿ ಮಲಗಿದವನು ಮುಂದಿನ ಸಾಲಿಗೆ ಕಾಣುವುದೇ ಇಲ್ಲ. ಎರಡು ಬೆಂಚು ಜೋಡಿಸಿ ಮೂಟೆ ಮುಚ್ಚಿ ದಿಬ್ಬ ಮಾಡಿ, ಪೋಸ್ಟನ್ನು ಅದರ ಮೇಲಿಟ್ಟು, ಹುಡುಗನನ್ನು ದಿಬ್ಬಕ್ಕೆ ಒರಗಿಸಿ ಮಂಡಿಯೂರಿಸಿ. ಮುಖ ಪ್ರೇಕ್ಷಕರಿಗೆ ಓರೆಯಾಗಿ ಕಾಣಲಿ. ಟ್ಯೂಬಿನ ಬಾಯಿ ಪ್ರೇಕ್ಷಕರ ಕಡೆ ತಿರುಗಬಾರದು. ಟ್ಯೂಬಿನ ಹಿಂದೆ ಯಾರೂ ನಿಲ್ಲಬಾರದು. ನಿಜದಲ್ಲೂ ಹಿಂದಕ್ಕೆ ಬೆಂಕಿ ಬರುತ್ತದೆ, ನಾಟಕದಲ್ಲಿ ಪೈಪು ಬರುತ್ತದೆ.

ಸಾಗಿಸುವುದು

ಇದನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ. ದೂರದಿಂದ ನೋಡಿದವರಿಗೆ ಇದು ನಾಟಕದ್ದು ಅಂತ ಹೇಗೆ ಗೊತ್ತಾಗಬೇಕು? ಟ್ಯೂಬು, ಪೆಟ್ಟಿಗೆ, ಕಾಲು ಬೇರೆ ಬೇರೆ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ. ರಂಗಕ್ಕೆ ಹೋಗುವವರೆಗೂ ಟ್ಯೂಬಿನ ಎರಡೂ ತುದಿಗೆ ಕಿತ್ತಳೆ ಟೇಪು ಇರಲಿ, "ನಾಟಕದ ಸಾಮಾನು" ಅಂತ ದೊಡ್ಡದಾಗಿ ಬರೆದ ರೆಟ್ಟು ಅಂಟಿಸಿ. ಹೆಡ್‌ಮಾಸ್ಟರ್ ಸಹಿ ಇರುವ ಚೀಟಿ ಜೊತೆಗಿರಲಿ. ಮೆರವಣಿಗೆಯ ಸ್ತಬ್ಧಚಿತ್ರಕ್ಕೆ ಬಳಸುವುದಾದರೆ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಮುಂಚೆಯೇ ತಿಳಿಸಿ, ಅವರು ಬಂದು ನೋಡಿಕೊಂಡು ಹೋಗುತ್ತಾರೆ.

ಆಟ ಮುಗಿದ ಮೇಲೆ ಪಿವಿಸಿಯನ್ನು ಬಿಸಿಲಲ್ಲಿ ಒರಗಿಸಿ ಇಡಬೇಡಿ, ಬಾಗುತ್ತದೆ. ಅಡ್ಡಲಾಗಿ ಮಲಗಿಸಿ ಇಡಿ. ರಬ್ಬರ್ ಬಟ್ಟಲಿಗೆ ಸ್ವಲ್ಪ ಪೌಡರ್ ಹಾಕಿಟ್ಟರೆ ಮುಂದಿನ ವರ್ಷಕ್ಕೂ ಅಂಟಿಕೊಳ್ಳದೆ ಇರುತ್ತದೆ. ತಾಮ್ರದ ತಂತಿ ಮಾತ್ರ ಪ್ರತಿ ಸಲ ಹೊಸದು ತನ್ನಿ, ಒಮ್ಮೆ ಗಂಟಾದ ತಂತಿ ಲೈಟಿನಲ್ಲಿ ನೆಟ್ಟಗೆ ಹೊಳೆಯುವುದಿಲ್ಲ.